ರಾತ್ರಿ ವಿಡಿಯೊಗೆ 60 ಫ್ರೇಮ್: ಒಂದು ಸ್ಪಷ್ಟನೆ

ಮಡಿಕೇರಿ ದಸರಾದ ದಶಮಂಟಪಗಳ (ಹತ್ತು ಅಲಂಕೃತ ಸ್ತಬ್ಧಚಿತ್ರಗಳ) ಮೆರವಣಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವವರು ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಇಟ್ಟುಕೊಂಡರೆ ಹೆಚ್ಚುವರಿ ದೀಪವಿಲ್ಲದೆಯೂ ವಿಡಿಯೊ ಬೆಳಕಾಗಿ ಬರುತ್ತದೆ ಎಂಬ ಸಲಹೆಯೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ, ಮಂದ ಬೆಳಕಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

60 ಫ್ರೇಮ್ ಇಟ್ಟಾಗ ಪ್ರತಿ ಫ್ರೇಮಿಗೂ ಬೆಳಕು ಹಿಡಿಯಲು ಸಿಗುವ ಗರಿಷ್ಠ ಅವಧಿ ಸೆಕೆಂಡಿನ 1/60 ಭಾಗ ಮಾತ್ರ. 30ಕ್ಕೆ ಇಳಿಸಿದರೆ ಅದು 1/30 ಆಗಿ, ಎರಡರಷ್ಟು ಬೆಳಕು ಸೆನ್ಸರನ್ನು ತಲುಪಬಲ್ಲದು. ಅವಧಿ ಸಾಲದಾದಾಗ ಫೋನು ತಾನಾಗಿ ಐಎಸ್‌ಒ (ಸಿಕ್ಕಷ್ಟು ಬೆಳಕನ್ನೇ ಹಿಗ್ಗಿಸಿ ತೋರಿಸುವ ಮಟ್ಟ) ಏರಿಸುತ್ತದೆ, ಮಂಟಪದ ಹಿಂದಿನ ಕಪ್ಪು ಆಕಾಶದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುವುದು ಆಗಲೇ. 60 ಫ್ರೇಮಿನ ಪ್ರಯೋಜನವೇನಿದ್ದರೂ ಚಲನೆಯನ್ನು ನಯವಾಗಿ ತೋರಿಸುವುದರಲ್ಲಿದೆ.

ಕೈಯಾರೆ ಹೊಂದಿಸುವ ಸೌಲಭ್ಯವಿದ್ದವರು 25 ಫ್ರೇಮ್ ಹಾಗೂ 1/50 ಷಟರ್ (ಪ್ರತಿ ಫ್ರೇಮ್ ಸೆಕೆಂಡಿನ 1/50 ಭಾಗ ಬೆಳಕು ಹಿಡಿಯುವಂತೆ) ಇಟ್ಟುಕೊಳ್ಳುವುದು ಲೇಸು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಈ ಷಟರ್ ಅವಧಿಯಲ್ಲಿ ಸರಿಯಾಗಿ ಎರಡು ಮಿಡಿತ ಹಿಡಿಸುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುವುದಿಲ್ಲ. (ಮಂಟಪದ ಕೆಲವು ಎಲ್‌ಇಡಿಗಳು ಬೇರೆಯೇ ಲಯದಲ್ಲಿ ಮಿನುಗಬಹುದು, ಅಲ್ಲಿ ಷಟರನ್ನು ತುಸು ಬದಲಿಸಿ ನೋಡಬೇಕು.)

ಜೂಮ್ ಕೂಡ ಬೇಡ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಮುಖ್ಯ ಲೆನ್ಸ್ ಎಫ್/1.8, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಎಫ್/2.8 ಇರುವ ಫೋನಿನಲ್ಲಿ ಮೊದಲನೆಯದು ಸೆನ್ಸರಿನ ಮೇಲೆ ಬೀಳಿಸುವ ಬೆಳಕು ಸುಮಾರು 2.4 ಪಟ್ಟು ದಟ್ಟವಾಗಿರುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವುದನ್ನು ಚಿತ್ರೀಕರಿಸುವವರಂತೂ ಮುಖ್ಯ ಲೆನ್ಸ್ ಬಿಟ್ಟು ಕದಲದೆ, ತಾವೇ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಉತ್ತಮ.