ದೇಹ ಸುಟ್ಟರೆ ಪುನರುತ್ಥಾನವಿಲ್ಲ ಎಂಬ ಸಂದೇಶ ತಪ್ಪು

'ದೇಹ ಸುಟ್ಟರೆ, ಕಣ್ಣು ದಾನ ಮಾಡಿದರೆ ಪುನರುತ್ಥಾನ (ಸತ್ತವರು ಮತ್ತೆ ಜೀವಂತವಾಗಿ ಏಳುವುದು) ಇಲ್ಲ, ಕಥೋಲಿಕ ಧರ್ಮಸಭೆ ಎರಡನ್ನೂ ನಿಷೇಧಿಸಿದೆ' ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ಸುಳ್ಳು.

ಕ್ರೈಸ್ತ ನಂಬಿಕೆಯನ್ನು ಧಿಕ್ಕರಿಸಲೆಂದೇ ಸುಡದಿದ್ದರೆ ದಹನ ಮಾಡಬಹುದು ಎಂದು ವ್ಯಾಟಿಕನ್ 1963ರಲ್ಲೇ ಒಪ್ಪಿದೆ. ಹೂಳುವುದು ಅದಕ್ಕೆ ಜಾಸ್ತಿ ಇಷ್ಟ, ಅಷ್ಟೇ. 2016ರ ಸೂಚನೆ ಇನ್ನೂ ಸ್ಪಷ್ಟ: ಸುಟ್ಟರೆ ಆತ್ಮಕ್ಕೆ ಏನೂ ಆಗದು, ಸತ್ತ ದೇಹವನ್ನು ಎಬ್ಬಿಸಲು ದೇವರಿಗೆ ಅಡ್ಡಿಯೂ ಇಲ್ಲ. ಬೂದಿಯನ್ನು ಮಾತ್ರ ಗಾಳಿಗೆ, ನೀರಿಗೆ ಬಿಡಬಾರದು. ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು.

ಅಂಗದಾನವನ್ನು ಪ್ರೀತಿಯ ಕೆಲಸ ಎಂದು ಪೋಪ್ ಎರಡನೇ ಜಾನ್ ಪಾಲ್ 2000ದಲ್ಲಿ ಹೇಳಿದ್ದರು. ಬಲವಿಲ್ಲದ ದೇಹವನ್ನು ಬಿತ್ತಿದರೂ ಬಲವುಳ್ಳದ್ದು ಏಳುತ್ತದೆ ಎಂದು ಯೇಸುವಿನ ಸಂದೇಶ ಸಾರಿದ ಪೌಲನೂ ಬೈಬಲ್‌ನಲ್ಲಿ ಬರೆದಿದ್ದಾನೆ ಅಲ್ವಾ (1 ಕೊರಿಂಥ 15)?

ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡ ಹಿರಿಯರು ಇಂಥದ್ದು ಓದಿ, ದೇಹ ಪೂರ್ತಿಯಿಲ್ಲದ ತಮಗೂ ಪುನರುತ್ಥಾನವಿಲ್ಲವೇನೋ ಎಂದು ಸುಮ್ನೆ ಹೆದರುತ್ತಾರೆ. ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಬೇಡಿ.