ಅರ್ಧ ನಿಮಿಷದ ವಿಡಿಯೊ ಅಪ್ಪನಿಗೆ ತೋರಿಸೋಕೂ ಬಿಡಲ್ವಾ?

"ಏನೂ ಬರ್ತಿಲ್ಲ ಕಣೋ. ಬರೀ ಕಪ್ಪಗಿದೆ. ಇಂಗ್ಲಿಷಲ್ಲಿ ಏನೋ ಬರೆದಿದೆ."

ಹಾಸನದಿಂದ ಅಪ್ಪ ಹೀಗೆ ಹೇಳಿದ್ದು ಇದು ಎಷ್ಟನೇ ಸಲವೋ. ಅಲ್ಲಿ ಏನು ಬರೆದಿದೆ ಅಂತ ನನಗೆ ನೋಡದೆಯೂ ಗೊತ್ತು. ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಸಾಕಾಗಿ ಹೋಗಿದೆ ನನಗೆ.

ನಾನಿರುವುದು ಲಾಸ್ ಏಂಜಲೀಸ್ ಹತ್ತಿರ. ಇಲ್ಲಿನ ಬೇಸ್‌ಬಾಲ್ ತಂಡ ಡಾಡ್ಜರ್ಸ್ ಅಂದರೆ ಪ್ರಾಣ. 2023ರ ಬೇಸಿಗೆಯಲ್ಲಿ ಅಪ್ಪ ಬಂದು ಐದು ತಿಂಗಳು ನಮ್ಮ ಜೊತೆ ಇದ್ದರು. ಮೊದಲ ವಾರ ಟಿವಿ ನೋಡಿ, "ಅಷ್ಟೂ ಫುಲ್‌ಟಾಸ್, ಆದ್ರೂ ಮುಟ್ಟೋಕಾಗಲ್ವಲ್ಲೋ ಇವರಿಗೆ" ಅಂದಿದ್ದರು. ಆಗಸ್ಟ್ ಹೊತ್ತಿಗೆ ಸಂಜೆ ಕಾಫಿ ಲೋಟ ಹಿಡಿದು, "ಇವತ್ತು ಪಿಚ್ಚರ್ ಯಾರು?" ಅಂತ, ಅಂದರೆ ಚೆಂಡೆಸೆಯೋನು ಯಾರು ಅಂತ, ಅವರೇ ಕೇಳುತ್ತಿದ್ದರು. ಊರಿಗೆ ಹೋದ ಮೇಲೂ ಆ ಹುಚ್ಚು ಬಿಟ್ಟಿಲ್ಲ. ಬಿಡಬಾರದು ಅಂತಲೇ ನಾನು ಲಿಂಕ್ ಕಳಿಸುತ್ತಿರುವುದು.

2024ರ ಅಕ್ಟೋಬರ್ 25. ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಎದುರಿಗೆ ನ್ಯೂಯಾರ್ಕಿನ ಯಾಂಕೀಸ್. ಒಂಬತ್ತು ಇನಿಂಗ್ಸ್ ಸಮವಾಗಿ ಆಟ ಹತ್ತನೇ ಇನಿಂಗ್ಸ್‌ಗೆ ಹೋಗಿತ್ತು. ನಾವು 3-2ರಲ್ಲಿ ಹಿಂದೆ, ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಮುಗಿಯಿತು. ನಮ್ಮ ಮೂಕಿ ಬೆಟ್ಸ್‌ಗೆ ಬೇಕಂತಲೇ ವಾಕ್ ಕೊಟ್ಟರು, ಅಂದರೆ ಹೊಡೆಯಲು ಬಿಡದೆ ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರು. ರನ್ ಓಡಲು ನಿಲ್ಲುವ ಮೂರೂ ಬೇಸ್ ನಮ್ಮವರಿಂದ ತುಂಬಿತು. ಬಂದವನು ಫ್ರೆಡ್ಡಿ ಫ್ರೀಮನ್, ಬಲಗಾಲು ಉಳುಕಿಸಿಕೊಂಡು ಕುಂಟುತ್ತಿದ್ದವನು. ಮೊದಲ ಚೆಂಡೇ ಬಲಗಡೆ ಸ್ಟ್ಯಾಂಡಿಗೆ! ಬ್ಯಾಟ್ ಮೇಲೆತ್ತಿ ಹಿಡಿದು ನಿಂತ. ಹೀಗೆ ಸ್ಟ್ಯಾಂಡಿಗೆ ಹೊಡೆದರೆ ಹೋಮ್ ರನ್; ಮೂರೂ ಬೇಸ್ ತುಂಬಿದ್ದಾಗ ಹೊಡೆದರೆ ಗ್ರ್ಯಾಂಡ್ ಸ್ಲಾಮ್, ಒಂದೇ ಏಟಿಗೆ ನಾಲ್ಕು ರನ್. 6-3. 1903ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಹೊಡೆದು ಪಂದ್ಯ ಮುಗಿಸಿದ್ದು ಅವನೊಬ್ಬನೇ.

ಆಮೇಲೆ ಅವನು ಏನು ಮಾಡಿದ ಗೊತ್ತಾ? ಬ್ಯಾಟ್ ಮಾಡುವ ಜಾಗವಾದ ಹೋಮ್ ಪ್ಲೇಟ್ ಹಿಂದಿನ ಬಲೆಯ ಹತ್ತಿರ ಓಡಿದ. ಆಚೆ ಕಡೆ ಅವನ ಅಪ್ಪ ನಿಂತಿದ್ದರು. ಬಲೆಯ ಮೂಲಕವೇ ಇಬ್ಬರೂ ಕೈ ಕೈ ಹಿಡಿದುಕೊಂಡರು. ನನಗೆ ಗಂಟಲು ಕಟ್ಟಿತು. ಇದನ್ನು ನಮ್ಮಪ್ಪ ನೋಡಬೇಕು, ಈಗಲೇ ನೋಡಬೇಕು ಅನ್ನಿಸಿತು. ಊರಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ, ತಿಂಡಿ ಹೊತ್ತು.

ಮೊದಲ ಲಿಂಕ್ ಕಪ್ಪು. ಎರಡನೆಯದರಲ್ಲಿ ಜಾಹೀರಾತು ಪೂರ್ತಿ ಓಡಿತು, ಆಮೇಲೆ ಲಾಗಿನ್ ಆಗಿ ಅಂತ ಬಂತು. ಮೂರನೆಯದು ಯಾರೋ ಅಭಿಮಾನಿ ಹಾಕಿದ್ದು. ಅಪ್ಪ ಕನ್ನಡಕ ಹುಡುಕಿ ತೆರೆಯುವಷ್ಟರಲ್ಲಿ ಅದನ್ನು ತೆಗೆಸಿದ್ದರು. ಕೊನೆಗೆ ಟಿವಿ ಎದುರು ಫೋನ್ ಹಿಡಿದು ನಾನೇ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಪರದೆ ತುಂಬಾ ಗೆರೆ ಓಡುತ್ತಿತ್ತು. ಅಪ್ಪ ಎರಡು ಸಲ ನೋಡಿ ಕೇಳಿದರು, "ಹೊಡೆದಿದ್ದು ಕಾಣ್ತು ಕಣೋ. ಚೆಂಡು ಎಲ್ಲಿ ಹೋಯ್ತು?"

ನನಗೆ ಕೋಪ ನೆತ್ತಿಗೇರಿತು. ನಾನು ಕದ್ದು ನೋಡುವವನಲ್ಲ. ವರ್ಷ ವರ್ಷ ದುಡ್ಡು ಕಟ್ಟಿ ನೋಡುತ್ತೇನೆ. ಅಪ್ಪನಿಗೂ ಕಟ್ಟು ಅಂದರೆ ಕಟ್ಟುತ್ತೇನೆ. ಆದರೆ ನಸುಕಿಗೇ ಎದ್ದು ಮೂರು ಗಂಟೆ ಹೊತ್ತು ನಡೆಯುವ ಪಂದ್ಯವನ್ನು ಕೊನೆಯವರೆಗೂ ನೋಡು ಅಂತ ಎಪ್ಪತ್ತು ದಾಟಿದವರಿಗೆ ಹೇಳೋಕಾಗುತ್ತಾ? ಅವರಿಗೆ ಬೇಕಿರುವುದು ಅರ್ಧ ನಿಮಿಷ. ಅದನ್ನು ಕೊಟ್ಟರೆ ಪ್ರಸಾರದ ಹಕ್ಕು ಕೊಂಡವರ ಗಂಟೇನು ಹೋಗುತ್ತೆ? ಇವತ್ತು ತುಣುಕು ನೋಡಿದವನೇ ಅಲ್ವಾ ನಾಳೆ ಪೂರ್ತಿ ಪಂದ್ಯ ನೋಡುವವನು? ಚೆಂಡು, ಬ್ಯಾಟ್ ಅಂದರೆ ಜೀವ ಬಿಡುವ ದೇಶ ನಮ್ಮದು. ಅಂಥವರ ಮುಖಕ್ಕೇ ಬಾಗಿಲು ಹಾಕುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಒಂದು ವರ್ಷ ಕಳೆಯಿತು. 2025ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್‌ನಲ್ಲಿ ಟೊರೊಂಟೊದ ಬ್ಲೂ ಜೇಸ್ ವಿರುದ್ಧ ಮೂರನೇ ಪಂದ್ಯ. ಹದಿನೆಂಟು ಇನಿಂಗ್ಸ್, ಆರೂವರೆ ಗಂಟೆಗೂ ಜಾಸ್ತಿ ಆಟ. ಮುಗಿಸಿದ್ದು ಮತ್ತೆ ಅದೇ ಫ್ರೀಮನ್, ಮತ್ತೆ ಹೋಮ್ ರನ್. ಕೈ ನಡುಗುತ್ತಾ ಲಿಂಕ್ ಕಳಿಸಿದೆ. ಮತ್ತೆ ಅದೇ ಕಪ್ಪು ಪರದೆ.

ಎರಡೇ ನಿಮಿಷಕ್ಕೆ ಅಪ್ಪನ ಫೋನ್ ಬಂತು.

"ಲಿಂಕ್ ಎಲ್ಲಾ ಬೇಡ ಮಗಾ. ನೀನೇ ಹೇಳು, ಹೆಂಗೆ ಹೊಡೆದ?"