ಸ್ಪಷ್ಟನೆ: ಅಲ್ಲಮನ ಹೆಸರಿನ ಅರ್ಧ ವಚನ

‘ಹೊನ್ನು ಮಾಯೆ, ಹೆಣ್ಣು ಮಾಯೆ, ಮಣ್ಣು ಮಾಯೆ – ಅಲ್ಲಮಪ್ರಭು’ ಎಂಬ ಸಂದೇಶವು, ಮನುಷ್ಯನ ಪ್ರಲೋಭನೆಗೆ ಈ ಮೂರೇ ಕಾರಣವೆಂಬ ವಿವರಣೆಯೊಂದಿಗೆ ಶಿಕಾರಿಪುರ, ಸೊರಬ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. 12ನೆಯ ಶತಮಾನದ, ನಮ್ಮ ಬಳ್ಳಿಗಾವಿಯವನೇ ಆದ ಅಲ್ಲಮನ ವಚನವು ‘ಹೊನ್ನು ಮಾಯೆ ಎಂಬರು, ಹೊನ್ನು ಮಾಯೆಯಲ್ಲ’ ಎಂದು ಆರಂಭವಾಗಿ, ಹೆಣ್ಣು, ಮಣ್ಣುಗಳ ಕುರಿತ ಜನರ ಮಾತನ್ನೂ ಹಾಗೆಯೇ ಎತ್ತಿಕೊಂಡು ಅಲ್ಲಗಳೆದು, ‘ಮನದ ಮುಂದಣ ಆಸೆಯೇ ಮಾಯೆ ಕಾಣಾ ಗುಹೇಶ್ವರಾ’ ಎಂದು ಮುಗಿಯುತ್ತದೆ. ‘ಎಂಬರು’, ‘ಅಲ್ಲ’ ಎಂಬುವನ್ನು ಕೈಬಿಟ್ಟದ್ದರಿಂದ, ವಚನಕಾರನು ನಿರಾಕರಿಸಿದ ಮಾತೇ ಅವನ ಬಾಯಿಗೆ ಬಂದು ಕೂತಿದೆ. ಹೆಣ್ಣಿನ ವಿಷಯದಲ್ಲಂತೂ ಇದು ಸಣ್ಣ ಅಪಚಾರವಲ್ಲ. ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದಲ್ಲಿ ಪೂರ್ಣ ಪಾಠವಿದೆ. ದಯವಿಟ್ಟು ಅರ್ಧ ಪಾಠವನ್ನು ಇನ್ನು ಯಾರಿಗೂ ಕಳುಹಿಸಬೇಡಿ.